ನೀಲಗಿರಿಯ ಮಣ್ಣುಪಾರಿವಾಳ: ಒಂದು ಶಾಸ್ತ್ರೀಯ ವಿಚಾರ

ನೀಲಗಿರಿಯ ಪಕ್ಷಿಗಳ ಬಗ್ಗೆ ಬರೆದ ವಿದ್ವಾಂಸರು ಒಂದು ಹಕ್ಕಿಗೆ ಅನ್ಯಾಯ ಮಾಡಿದ್ದಾರೆ. ಕತ್ತಿನ ಮೇಲೆ ಚದುರಂಗದ ಮನೆಗಳಂಥ ಗುರುತಿರುವ ನೀಲಗಿರಿ ಕಾಡುಪಾರಿವಾಳಕ್ಕೆ ಪುಟಗಟ್ಟಲೆ ವರ್ಣನೆಯಿದೆ. ಮಣ್ಣುಪಾರಿವಾಳಕ್ಕೆ ಒಂದು ಅಡಿಟಿಪ್ಪಣಿಯೂ ಇಲ್ಲ. ಲಕ್ಷಣ ಹೀಗೆ: ಅಡ್ಡಳತೆ 110 ಮಿಲಿಮೀಟರ್, ತೂಕ 105 ಗ್ರಾಂ, ಆಕಾರ ಬೋರಲು ಹಾಕಿದ ತಟ್ಟೆಯದು, ಬಣ್ಣ ಹೆಚ್ಚಾಗಿ ಕಿತ್ತಳೆ. ಗೂಡು ಕಟ್ಟದು, ಮೊಟ್ಟೆಯಿಡದು. ಹೊಡೆಯುವವನು ಕೂಗಿದೊಡನೆ ಯಂತ್ರದಿಂದ ಚಿಮ್ಮುತ್ತದೆ. ಒಲಿಂಪಿಕ್ ಟ್ರ್ಯಾಪ್ ಎಂಬ ಗುಂಡು ಹೊಡೆಯುವ ಸ್ಪರ್ಧೆಯಲ್ಲಾದರೆ, ಗುಂಡು ತಪ್ಪಿದಾಗ ಸುಮಾರು 76 ಮೀಟರ್ ಹೋಗಿ ಬೀಳುತ್ತದೆ. ಇದರ ಸಾವಿಗೂ ನಿಯಮವುಂಟು: ಕಣ್ಣಿಗೆ ಕಾಣುವ ಒಂದು ಚೂರು ಕಳಚಿದರೆ ಸತ್ತಿತು, ಬರೀ ಧೂಳೆದ್ದರೆ ಬದುಕಿತು. ಈ ಹಕ್ಕಿ ನೀಲಗಿರಿಯದೇ, ಇಲ್ಲಿ ಕೋವಿ ಹಿಡಿಯಲು ಹಂಬಲಿಸುವ ಹೊಸಬನಿಗೆ ಬೇರೆ ಹಕ್ಕಿಯೇ ಇಲ್ಲ ಎಂಬುದು ನಮ್ಮ ಪ್ರಮೇಯ.

ಪೂರ್ವಪಕ್ಷದವರು ಕೆಮ್ಮುತ್ತಾರೆ: 1880ರಲ್ಲಿ ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೌಸ್ಕಿ ಹುಟ್ಟಿಸಿದ ತಟ್ಟೆಗೂ ಉದಕಮಂಡಲಕ್ಕೂ ಎಲ್ಲಿಯ ನಂಟು? ಆ ಕೆಮ್ಮಿಗೆ ಅವರು ಎದೆಗೆ ತಿಕ್ಕಿಕೊಳ್ಳುವ ಎಣ್ಣೆಯೇ ನಮ್ಮ ಸಾಕ್ಷಿ. 1843ರಲ್ಲಿ ಈ ಬೆಟ್ಟಕ್ಕೆ ಬಂದ ಆಸ್ಟ್ರೇಲಿಯದ ಮರವನ್ನು ಕನ್ನಡಿಗರು ನೀಲಗಿರಿ ಎಂದೇ ಕರೆದರು. ಕೋಲಾರದ ಬಯಲಲ್ಲಿ ಬೆಳೆದರೂ ಅದು ನೀಲಗಿರಿಯೇ. ಮರಕ್ಕೆ ಸಂದದ್ದು ತಟ್ಟೆಗೇಕೆ ಸಲ್ಲದು? ಅದರಲ್ಲಿ ಮಣ್ಣೇ ಇಲ್ಲ, ಇರುವುದು ಪಿಚ್ಚು ಮತ್ತು ಸುಣ್ಣಕಲ್ಲಿನ ಪುಡಿ ಎಂಬ ಆಕ್ಷೇಪವೂ ನಿಲ್ಲದು. ಮೊದಲಿನದು ಸುಟ್ಟ ಮಣ್ಣಿನದೇ, ಗುಂಡು ತಗುಲಿದರೂ ಸುಲಭಕ್ಕೆ ಒಡೆಯುತ್ತಿರಲಿಲ್ಲ. ಮಣ್ಣು ಹೋಯಿತು, ಹೆಸರು ಉಳಿಯಿತು. ಇನ್ನು ಕಾನೂನಿನ ಸಾಕ್ಷಿ. ಬೇಟೆಯ ಮೋಜಿಗೆ ಬೆಟ್ಟ ಹತ್ತಿದ ಬಿಳಿಯರ ಕಾಲದಲ್ಲೇ, 1879ರಲ್ಲಿ, ನೀಲಗಿರಿಯ ಬೇಟೆಪ್ರಾಣಿಗಳನ್ನೂ ಮೀನನ್ನೂ ಕಾಯಲು ಕಾಯ್ದೆ ಬಂತು. 1972ರ ವನ್ಯಜೀವಿ ಕಾಯ್ದೆಯ ಯಾವ ಅನುಸೂಚಿಯಲ್ಲೂ ನಮ್ಮ ಹಕ್ಕಿಯಿಲ್ಲ. ಕೋವಿಗೆ ಮಾತ್ರ 1959ರ ಆಯುಧ ಕಾಯ್ದೆಯಂತೆ ಲೈಸೆನ್ಸ್ ಬೇಕು. ಹಕ್ಕಿ ಮಣ್ಣಿನದಾದರೂ ಕೋವಿ ಮಣ್ಣಿನದಲ್ಲ.

ಕೊಡಗಿನವರು ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರಲ್ಲ, ಅದೇ ಸಾಲದೆ ಎನ್ನಬಹುದು. ಅವರ ಗುರಿಗೆ ನಮಸ್ಕಾರ. ಆದರೆ ತೆಂಗಿನಕಾಯಿ ಕಟ್ಟಿದಲ್ಲೇ ಇರುತ್ತದೆ, ಇದು ಇರುವುದಿಲ್ಲ. ಹೊಸಬನ ಸೋಲೆಲ್ಲ ಇಲ್ಲೇ. ತಟ್ಟೆ ಕಂಡಲ್ಲಿಗೆ ಗುರಿಯಿಟ್ಟು, ಖಾತ್ರಿ ಮಾಡಿಕೊಳ್ಳಲು ಕೋವಿಯನ್ನು ಚಣ ನಿಲ್ಲಿಸುತ್ತಾನೆ. ಅಷ್ಟರಲ್ಲಿ ತಟ್ಟೆ ಮುಂದೆ, ಚರೆ ಹಿಂದೆ. ಕೆನ್ನೆಯನ್ನು ಕೋವಿಯ ಹಿಡಿಗೆ ಒತ್ತಿ, ಸಾಧ್ಯವಾದರೆ ಎರಡೂ ಕಣ್ಣು ತೆರೆದು, ಸೊಂಟದಿಂದ ತಿರುಗುತ್ತ ತಟ್ಟೆಯನ್ನು ದಾಟಿ, ತಿರುಗುತ್ತಿರುವಾಗಲೇ ಕುದುರೆ ಎಳೆಯಬೇಕು. ಊಟಿಯ ಆಷಾಢದ ಮಂಜಿನಲ್ಲಿ ತಟ್ಟೆ ಕಾಣದಿದ್ದರೆ ಶಾಸ್ತ್ರದಲ್ಲಿ ಪರಿಹಾರವಿಲ್ಲ, ಚಹಾ ಕುಡಿಯಬಹುದು.

ಒಂದು ಆಕ್ಷೇಪಕ್ಕೆ ಮಾತ್ರ ಉತ್ತರವಿಲ್ಲ. ಮಸಿನಗುಡಿಯ ಬಯಲು ಎಷ್ಟೇ ವಿಶಾಲವಾಗಿ ಕಂಡರೂ ಆ ಕಡೆ ಆನೆಗಳ ದಾರಿಯಿದೆ. ಅದನ್ನು 2020ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿದಿದೆ. ಅಲ್ಲಿ ಕೋವಿಯ ಸದ್ದು ಕೂಡದು. ಬೇರೆಲ್ಲಿ ಹೊಡೆದರೂ ಚೂರುಗಳನ್ನು ಹೆಕ್ಕಿ ತರಬೇಕು. ಪಿಚ್ಚಿನ ಆ ಚೂರು ತಿಂದರೆ ಹಂದಿ ಸಾಯುತ್ತದೆ.