ಮುನ್ನೂರಿಪ್ಪತ್ತು ಕಿಲೋಮೀಟರಿಗೊಂದು ಟೈಮ್‌ಟೇಬಲ್ಲು

ಮದುವೆಗೆ ಜಾತಕ ನೋಡುವವರನ್ನು ಕಂಡು ನಗುವ ಜನ, ಸೈಕಲ್ ರೇಸಿಗೆ ಟ್ರೇನಿಂಗ್ ಪ್ಲಾನ್ ಹುಡುಕಲು ಕೂತಾಗ ನೋಡಬೇಕು. ಎಷ್ಟು ವಾರ, ಎಷ್ಟು ಗಂಟೆ, ಎಷ್ಟು ವಾಟ್ ಎಂದು ಮೂವತ್ತಾರು ಗುಣಗಳನ್ನೂ ಕೂಡಿ ಕಳೆದು ನೋಡುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಒಂದನ್ನು ಮಾತ್ರ ಮರೆತಿರುತ್ತಾರೆ: ಇದರ ಜೊತೆ ಸಂಸಾರ ಮಾಡುವವರು ಯಾರು?

ನಮ್ಮ ಬೇಲಿಯಾಚೆಯ ಹುಬ್ಬಳ್ಳಿಯವರದೂ ಇದೇ ಕಥೆ. ನಾವಿಬ್ಬರೂ ಇರುವುದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಓವರ್‌ಲ್ಯಾಂಡ್ ಪಾರ್ಕಿನಲ್ಲಿ. ಕಾರಿನಲ್ಲಿ ಒಂದೂವರೆ ಗಂಟೆ ಹೋದರೆ ಎಂಪೋರಿಯಾ ಎಂಬ ಊರು. 2006ರಲ್ಲಿ 34 ಜನ ಅಲ್ಲಿಂದ ಹೊರಟು ಜಲ್ಲಿ ರಸ್ತೆಯಲ್ಲಿ 200 ಮೈಲಿ ತುಳಿದರು. ಅದೇ ಇವತ್ತಿನ ಅನ್‌ಬೌಂಡ್ ಗ್ರಾವೆಲ್. ಈಗ ಸಾವಿರಾರು ಜನ ಬರುತ್ತಾರೆ, ಲಾಟರಿ ಎತ್ತಿ ಸೀಟು ಕೊಡುತ್ತಾರೆ. 200 ಮೈಲಿ ಅಂದರೆ 320 ಕಿಲೋಮೀಟರು. ಬೆಂಗಳೂರಿನಿಂದ ಶಿವಮೊಗ್ಗ ಮುಟ್ಟಿದರೂ ಇನ್ನಷ್ಟು ಉಳಿಯುತ್ತದೆ. ಈ ಸಲ ನಮ್ಮವರಿಗೆ ಲಾಟರಿ ಹತ್ತಿತು. ಅಂದಿನಿಂದ ಬೇಲಿಯ ಬಳಿ ಬೇರೆ ಮಾತಿಲ್ಲ.

"ಅಲ್ರೀ, ಮೂರು ಪ್ಲಾನ್ ನೋಡೇನ್ರೀ. ಒಂದು ಹನ್ನೆರಡು ವಾರದ್ದು, ಒಂದು ಇಪ್ಪತ್ನಾಲ್ಕರದ್ದು, ಇನ್ನೊಂದು ರೇಸ್ ಗೆದ್ದವರದ್ದಂತ. ಯಾವುದು ಛಲೋ ಹೇಳ್ರಿ."

ನಾನು ಸೈಕಲ್ ಹತ್ತುವವನಲ್ಲ, ಹತ್ತಿದವರಿಗೆ ಬುದ್ಧಿ ಹೇಳುವವನು. ಆ ಕೆಲಸಕ್ಕೆ ಲಾಟರಿಯೂ ಬೇಕಿಲ್ಲ.

"ಗೆದ್ದವರದ್ದು ಮೊದಲು ಬಿಡಿ ಸಾರ್" ಅಂದೆ. 2024ರಲ್ಲಿ ಗೆದ್ದ ಆಸ್ಟ್ರೇಲಿಯಾದ ಲಾಕ್ಲನ್ ಮಾರ್ಟನ್ ಈ ರೇಸನ್ನು 9 ಗಂಟೆ 11 ನಿಮಿಷದಲ್ಲಿ ಮುಗಿಸಿದರು. ಆಫೀಸು ಮುಗಿಸಿ ಬಂದು ಅಭ್ಯಾಸ ಮಾಡುವ ಮನುಷ್ಯನಿಗೆ ಹದಿನಾಲ್ಕೋ ಹದಿನೈದೋ ಗಂಟೆ ಹಿಡಿಯುತ್ತದೆ. ದಾರಿ ಒಂದೇ ಆದರೂ ರೇಸು ಬೇರೆ. ಮುಂದಿನವರಿಗೆ ಎದುರಾಳಿ ಚಿಮ್ಮಿದಾಗ ಬೆನ್ನು ಹತ್ತುವ ಕಸುವು ಬೇಕು. ಹಿಂದಿನವರಿಗೆ ಹನ್ನೆರಡನೆಯ ಗಂಟೆಯಲ್ಲೂ ಸೀಟಿನ ಮೇಲೆ ಕೂತು, ತಿಂದದ್ದು ಅರಗಿಸಿಕೊಂಡು, ಪಂಕ್ಚರ್ ಹಾಕುವಷ್ಟು ತಾಳ್ಮೆ ಉಳಿದಿರಬೇಕು. ಮೊದಲನೆಯದನ್ನು ಕಲಿಸುವ ಪ್ಲಾನ್ ಎರಡನೆಯದನ್ನು ಕಲಿಸುವುದಿಲ್ಲ.

ಅಷ್ಟರಲ್ಲಿ ಅವರು ವಿಜ್ಞಾನ ತೆಗೆದರು. ಸ್ಟೀಫನ್ ಸೈಲರ್ ಎಂಬ ಸಂಶೋಧಕರು ದೊಡ್ಡ ದೊಡ್ಡ ಕ್ರೀಡಾಪಟುಗಳ ಅಭ್ಯಾಸ ನೋಡಿ, ಅದರಲ್ಲಿ ಸುಮಾರು ಶೇ. 80 ಭಾಗ ಮಾತಾಡಿಕೊಂಡು ತುಳಿಯುವಷ್ಟು ಹಗುರ, ಉಳಿದ ಶೇ. 20 ಬಿರುಸು ಎಂದರು. ಮಾತು ನಿಜ. ಆದರೆ ಆ ಪುಣ್ಯಾತ್ಮರಿಗೆ ವಾರಕ್ಕೆ ಇಪ್ಪತ್ತು ಗಂಟೆ ಸಿಗುತ್ತದೆ. ವಾರಕ್ಕೆ ಏಳೇ ಗಂಟೆ ಸಿಗುವವರು ಅದರಲ್ಲೂ ಮುಕ್ಕಾಲು ಪಾಲಿಗಿಂತ ಹೆಚ್ಚು ಹಗುರ ಮಾಡಿದರೆ ಉಳಿಯುವುದು ಹರಟೆ ಮಾತ್ರ. ಅಂಥವರಿಗೆಂದೇ 'ಸ್ವೀಟ್ ಸ್ಪಾಟ್' ಎಂಬ ಮಧ್ಯಮ ಮಾರ್ಗವಿದೆ. ಇಪ್ಪತ್ತು ನಿಮಿಷ ಜೀವ ಬಿಟ್ಟು ತುಳಿದು, ಬಂದ ಸರಾಸರಿ ವಾಟಿನಲ್ಲಿ ಶೇ. 5 ಕಳೆದರೆ ಸಿಗುವ ಅಂಕಿಗೆ ಎಫ್‌ಟಿಪಿ ಎನ್ನುತ್ತಾರೆ. ಅದರ ಶೇ. 88ರಿಂದ 94ರ ನಡುವೆ ಹದಿನೈದು ಇಪ್ಪತ್ತು ನಿಮಿಷದ ಕಂತುಗಳಲ್ಲಿ ತುಳಿಯುವುದು. ವಾರದ ಮಧ್ಯೆ ಎರಡು ಸಂಜೆ ಇದು, ಶನಿವಾರ ನಾಲ್ಕೈದು ಗಂಟೆಯ ಸವಾರಿ, ಬರಬರುತ್ತಾ ಆರೋ ಏಳೋ ಗಂಟೆ. ಪೂರ್ತಿ 320 ಕಿಲೋಮೀಟರ್ ಮನೆಯಲ್ಲೇ ತುಳಿದು ನೋಡುವ ಅಗತ್ಯವಿಲ್ಲ.

ಹನ್ನೆರಡು ವಾರದ ಪ್ಲಾನ್ ಕೆಟ್ಟದ್ದೇನಲ್ಲ. ಅದು ನೀವು ಈಗಾಗಲೇ ವಾರಕ್ಕೆ ಏಳೆಂಟು ಗಂಟೆ ತುಳಿಯುತ್ತಿದ್ದೀರಿ ಎಂದು ನಂಬಿಕೊಂಡು ಶುರುವಾಗುತ್ತದೆ, ಅಷ್ಟೇ. ನಮ್ಮವರ ಸೈಕಲ್ಲು ದೀಪಾವಳಿಯಿಂದ ಗ್ಯಾರೇಜಿನಲ್ಲಿ ಒರಗಿದೆ. ರೇಸು ಇರುವುದು ಮೇ ಕೊನೆಯ ಹೊತ್ತಿಗೆ. ಇಪ್ಪತ್ನಾಲ್ಕು ವಾರವಾದರೆ ಹಿಮ ಬಿದ್ದ ವಾರ, ಮಗಳಿಗೆ ಜ್ವರ ಬಂದ ವಾರ, ಆಫೀಸಿನಲ್ಲಿ ರಿಲೀಸ್ ಇರುವ ವಾರ ಎಲ್ಲಕ್ಕೂ ಜಾಗ ಸಿಗುತ್ತದೆ. ಮೂರು ವಾರ ಏರಿಸಿ ನಾಲ್ಕನೆಯ ವಾರ ಇಳಿಸುವ ಪದ್ಧತಿಯೂ ಅದರಲ್ಲಿ ಸಲೀಸಾಗಿ ಕೂರುತ್ತದೆ.

ಇಷ್ಟು ಹೊತ್ತು ಕಿಟಕಿಯಿಂದ ಕೇಳಿಸಿಕೊಳ್ಳುತ್ತಿದ್ದ ಅವರ ಮನೆಯವರು ಹೊರಗೆ ಬಂದರು. "ಎಲ್ಲಾ ಖರೇರೀ. ರವಿವಾರ ಇವರು ಸೈಕಲ್ ಹೊಡಕೋತ ಹೋದ್ರ ಮಗಳನ್ನ ಕನ್ನಡ ಕ್ಲಾಸಿಗೆ ಯಾರು ಬಿಡೋರು?"

ಯಾವ ಪ್ಲಾನಿನಲ್ಲೂ ಈ ಕಾಲಂ ಇರಲಿಲ್ಲ. ಭಾನುವಾರ ಬೆಳಿಗ್ಗೆ ಎಂಟರೊಳಗೆ ಮುಗಿಯುವ ಸಣ್ಣ ಸವಾರಿ ಎಂದು ಅಲ್ಲೇ ತಿದ್ದುಪಡಿಯಾಯಿತು. ಶನಿವಾರದ ದಣಿವಿನ ಮೇಲೆ ಭಾನುವಾರ ತುಳಿಯುವುದು ದೂರದ ರೇಸಿಗೆ ಒಳ್ಳೆಯ ತಾಲೀಮೂ ಹೌದು.

ಇನ್ನು ಊಟ. ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ಒಂದು ಬಾಳೆಹಣ್ಣಿನಲ್ಲಿ ಇರುವುದು ಸುಮಾರು 27. ಹದಿನೈದು ಗಂಟೆಗೆ ಲೆಕ್ಕ ಹಾಕಿದರೆ ಕಡಿಮೆಯೆಂದರೂ ಮೂವತ್ತಮೂರು ಹಣ್ಣು! ಅದಕ್ಕೇ ಜನ ಸಕ್ಕರೆ ನೀರು, ಜೆಲ್ ಎಂದು ಹೋಗುತ್ತಾರೆ. ಹೊಟ್ಟೆಗೂ ಅಭ್ಯಾಸ ಬೇಕು. ಶನಿವಾರದ ಸವಾರಿಯಲ್ಲಿ ಖಾಲಿ ಹೊಟ್ಟೆಯಲ್ಲಿ ತುಳಿದವರ ಹೊಟ್ಟೆ ರೇಸಿನ ದಿನ ಮುಷ್ಕರ ಹೂಡುತ್ತದೆ.

ದಾರಿಯನ್ನೂ ಪ್ಲಾನಿನಲ್ಲಿ ಬರೆಯಬೇಕು. ಅದು ಫ್ಲಿಂಟ್ ಹಿಲ್ಸ್ ಸೀಮೆ. ಚಕಮಕಿ ಕಲ್ಲಿನಿಂದಾಗಿ ನೇಗಿಲು ಇಳಿಯಲಿಲ್ಲ, ಹಾಗಾಗಿ ಎತ್ತರದ ಹುಲ್ಲುಗಾವಲು ಉಳಿದುಕೊಂಡಿತು. ನೇಗಿಲನ್ನು ಸೋಲಿಸಿದ ಆ ಕಲ್ಲು ಟೈರನ್ನು ಬಿಡುತ್ತದೆಯೇ? ಮೇಲೆ ತಡೆಯಿಲ್ಲದ ಗಾಳಿ, ಬಿಸಿಲು. ದೊಡ್ಡ ಬೆಟ್ಟವೊಂದೂ ಇಲ್ಲದಿದ್ದರೂ ಸಣ್ಣ ದಿಣ್ಣೆಗಳನ್ನೆಲ್ಲ ಕೂಡಿಸಿದರೆ ಸುಮಾರು 3,000 ಮೀಟರ್ ಏರು. 2023ರಲ್ಲಿ ಮಳೆ ಬಂದು, ಆರಂಭದಲ್ಲೇ ಕೆಸರು ಚಕ್ರಕ್ಕೆ ಮೆತ್ತಿಕೊಂಡು, ಮೈಲಿಗಟ್ಟಲೆ ಸೈಕಲ್ ಹೊತ್ತು ನಡೆಯಬೇಕಾಯಿತು. ಬಣ್ಣ ಕಲಕುವ ಕಡ್ಡಿಯಿಂದ ಕೆಸರು ಕೆರೆಯುವುದು ಅಲ್ಲಿನ ಅನುಭವಿಗಳ ವಿದ್ಯೆ. ಆದ್ದರಿಂದ ತಿಂಗಳಿಗೊಂದು ಸವಾರಿ ಜಲ್ಲಿಯ ಮೇಲೇ ಆಗಬೇಕು, ಟೈರಿನ ತೂತು ಮುಚ್ಚುವುದು ಕತ್ತಲಲ್ಲೂ ಬರುವಂತಿರಬೇಕು.

"ಕೊನೀ ವಾರ ಎಲ್ಲಾ ಕೂಡಿಸಿ ಜೋರ್ ಹೊಡದ್ರ?"

"ಯುದ್ಧಕಾಲೇ ಶಸ್ತ್ರಾಭ್ಯಾಸ ಬೇಡ ಸಾರ್." ಕೊನೆಯ ಎರಡು ವಾರದಲ್ಲಿ ಗಂಟೆಗಳನ್ನು ಅರ್ಧಕ್ಕೆ ಇಳಿಸಬೇಕು, ನಡುನಡುವೆ ಒಂದಿಷ್ಟು ಬಿರುಸು ಇರಲಿ. ಆಗ ಹೊಸದಾಗಿ ಶಕ್ತಿ ಬರುವುದಿಲ್ಲ, ಬಂದ ಶಕ್ತಿಯ ಮೇಲಿನ ದಣಿವು ಕಳೆಯುತ್ತದೆ.

ಪ್ಲಾನ್ ಹುಡುಕುತ್ತಿರುವವರಿಗೆಲ್ಲ ನನ್ನದು ಒಂದೇ ಮಾತು. ಹುರುಪಿನ ಭಾನುವಾರದಲ್ಲಿ ಕೂತು ಅದನ್ನು ಆರಿಸಬೇಡಿ. ತಲೆನೋವಿನ ಬುಧವಾರ ಸಂಜೆ ಇದನ್ನು ಮಾಡಬಲ್ಲೆನೇ ಎಂದು ಕೇಳಿಕೊಂಡು ಆರಿಸಿ. ಮಾಡಿ ಮುಗಿಸಿದ ಏಳು ಗಂಟೆ, ಕಾಗದದ ಮೇಲಿನ ಹದಿನೈದು ಗಂಟೆಗಿಂತ ದೊಡ್ಡದು. ಸಹಿ ಹಾಕುವ ಮುನ್ನ ಮನೆಯವರಿಗೆ ಒಮ್ಮೆ ತೋರಿಸಿ.