ತಾತನ ಸೈಕಲ್ಲಿಗೆ ಗುಡ್ಡದ ಚಪಲ

"ಏನೋ ಅದು, ಗುಜರಿಗೆ ಹಾಕ್ತೀಯಾ?" ಕಾಂಪೌಂಡ್ ಈಚೆಯಿಂದ ಕೇಳಿದೆ.

"ಇಲ್ಲ ಅಂಕಲ್, ಟ್ರೇಲಿಗೆ ರೆಡಿ ಮಾಡ್ತಿದೀನಿ" ಅಂದ ಪಕ್ಕದ ಮನೆ ಹುಡುಗ.

ಅವನ ತಾತನ ಹರ್ಕ್ಯುಲಿಸ್ ಅದು. ಸೂಲಿಬೆಲೆ ಕಡೆಯಿಂದ ಹೊಸಕೋಟೆ ಸಂತೆಗೆ ಮೂಟೆ ಮೂಟೆ ತರಕಾರಿ ಹೊತ್ತ ಗಾಡಿ. ಬಂಡಿ ಜಾಡು, ಹೊಲದ ಬದು, ಕೆರೆ ಏರಿ ಬಿಟ್ಟರೆ ಅದು ಡಾಂಬರು ಕಂಡಿದ್ದೇ ಕಡಿಮೆ. ಅದಕ್ಕೀಗ ಇವನು ಹೊಸದಾಗಿ ಆಫ್‌ರೋಡ್ ಕಲಿಸುತ್ತಾನಂತೆ!

ಆದರೂ ಈ ಹುಚ್ಚಿಗೆ ದೊಡ್ಡ ವಂಶವೇ ಇದೆ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಜೋ ಬ್ರೀಜ್, ಗ್ಯಾರಿ ಫಿಷರ್, ಚಾರ್ಲಿ ಕೆಲ್ಲಿ ಮುಂತಾದ ಪಡ್ಡೆಗಳು ದಪ್ಪ ಟೈರಿನ ಹಳೇ ಶ್ವಿನ್ ಸೈಕಲ್ಲುಗಳನ್ನು ಎತ್ತಿಕೊಂಡು ಗುಡ್ಡದಿಂದ ಇಳಿಸುತ್ತಿದ್ದರು. 1976ರ ಅಕ್ಟೋಬರಿನಲ್ಲಿ ಅದಕ್ಕೊಂದು ರೇಸೂ ಶುರುವಾಯಿತು. ಪೆಡಲ್ ಹಿಂದಕ್ಕೆ ತುಳಿದರೆ ಹಬ್ಬಿನೊಳಗೇ ಹಿಡಿಯುವ ಬ್ರೇಕು. ಕೆಳಗೆ ಬರುವಷ್ಟರಲ್ಲಿ ಹಬ್ ಕಾದು ಗ್ರೀಸೆಲ್ಲ ಹೊಗೆ. ಮತ್ತೆ ಬಿಚ್ಚು, ಮತ್ತೆ ಗ್ರೀಸ್ ತುಂಬು. ಆ ಇಳಿಜಾರಿಗೆ 'ರೀಪ್ಯಾಕ್' ಅನ್ನೋ ಹೆಸರು ಬಿದ್ದದ್ದೇ ಹಾಗೆ. ಹಳೇ ಫ್ರೇಮುಗಳು ಏಟು ತಾಳದೆ ಮುರಿಯುತ್ತಿದ್ದವು ಅಂತ 1977ರಲ್ಲಿ ಬ್ರೀಜ್ ಗುಡ್ಡಕ್ಕೆಂದೇ ಹೊಸ ಫ್ರೇಮ್ ಕಟ್ಟಿದ.

"ಅದಕ್ಕೇ ಹೇಳ್ತೀನಿ, ಮೊದಲು ಜಾಯಿಂಟುಗಳನ್ನ ಉಜ್ಜಿ ನೋಡು. ಹ್ಯಾಂಡಲ್ ಕೆಳಗೆ ಕೂದಲೆಳೆ ಬಿರುಕು ಕಂಡ್ರೂ ಗೋಡೆಗೆ ನೇತು ಹಾಕು, ಗುಡ್ಡಕ್ಕೆ ತಗೊಂಡು ಹೋಗ್ಬೇಡ."

"ನೋಡಿದೀನಿ ಅಂಕಲ್, ಗಟ್ಟಿ ಇದೆ. 26 ಇಂಚಿನ ಚಕ್ರ ಹಾಕ್ಲಾ? ದಪ್ಪ ಟೈರ್ ಕೂರುತ್ತೆ."

ಇಲ್ಲೇ ಎಲ್ಲರೂ ಎಡವೋದು. ಈ ಸೈಕಲ್ಲಿನ 28 ಇಂಚಿನ ರಿಮ್ಮಿನಲ್ಲಿ ಟೈರ್ ಕೂರುವ ಅಳತೆ 635 ಮಿಲಿಮೀಟರ್. ಗುಡ್ಡದ ಸೈಕಲ್ಲಿನ 26ರದ್ದು 559. ಈ ಫ್ರೇಮಿನಲ್ಲಿ ಕೂರುವಷ್ಟು ದಪ್ಪ ಟೈರ್ ಹಾಕಿದರೂ, ಪೆಡಲ್ ಎರಡು ಸೆಂಟಿಮೀಟರಿನಷ್ಟು ನೆಲಕ್ಕೆ ಇಳಿಯುತ್ತದೆ. ನಂದಿ ಕಡೆ ಕಲ್ಲಿಗೆ ಪೆಡಲ್ ಬಡಿದರೆ ಸವಾರ ಹಾರಿ ಹೋಗುತ್ತಾನೆ. ಅದರ ಬದಲು 622ರ ರಿಮ್ಮಿಗೆ 40 ಮಿಲಿಮೀಟರ್ ಆಸುಪಾಸಿನ ಟೈರ್ ಹಾಕಿದರೆ ಎತ್ತರ ಹೆಚ್ಚುಕಮ್ಮಿ ಮೊದಲಿನಷ್ಟೇ.

ಆದರೆ ರಿಮ್ ಬದಲಿಸಿದ ಕೂಡಲೇ ತಾತನ ರಾಡ್ ಬ್ರೇಕು ಕೈ ಬಿಟ್ಟಿತು ಅಂತಲೇ ಲೆಕ್ಕ. ಅದರ ರಬ್ಬರು ರಿಮ್ಮಿನ ಒಳಮೈಗೆ ಹಿಡಿಯೋದು, ಹೊಸ ರಿಮ್ಮಿಗೆ ಆ ಆಕಾರವೇ ಇಲ್ಲ. ನಿಜ ಹೇಳಬೇಕೆಂದರೆ ಮಳೆಯಲ್ಲಿ ಅದು ಯಾವತ್ತೂ ಬ್ರೇಕ್ ಆಗಿರಲೇ ಇಲ್ಲ, ಪ್ರಾರ್ಥನೆ ಆಗಿತ್ತು. ಹಿಂದಿನ ಚಕ್ರಕ್ಕೆ ಪೆಡಲ್ ಹಿಂದಕ್ಕೆ ತುಳಿಯುವ ಹಬ್ ಬ್ರೇಕು, ಮುಂದಿನ ಚಕ್ರಕ್ಕೆ ಡ್ರಮ್ ಬ್ರೇಕಿನ ಹಬ್ಬು, ಎರಡೂ ಬೇಕೇ ಬೇಕು. ಹಿಂದಿನದೊಂದನ್ನೇ ನಂಬಿಕೊಂಡರೆ, ಚೈನ್ ಕಳಚಿದ ಗಳಿಗೆಯಲ್ಲಿ ಬ್ರೇಕೂ ಕಳಚಿದಂತೆ.

"ಗೇರ್ ಹಾಕ್ಲಾ ಅಂಕಲ್?"

"ಹಾಕೋಕೆ ಹೋದ್ರೆ ಅಗಲದ ಹಬ್ ಬೇಕು, ಫ್ರೇಮಿನ ಹಿಂದಿನ ಕಾಲುಗಳನ್ನ ಹಿಗ್ಗಿಸ್ಬೇಕು. ಉಕ್ಕು ಅಷ್ಟಕ್ಕೆಲ್ಲ ಬಗ್ಗುತ್ತೆ, ಅಲ್ಯೂಮಿನಿಯಂ ಆಗಿದ್ರೆ ಬೇಡ ಅಂತಿದ್ದೆ. ಮೊದ್ಲು ಹಲ್ಲು ಎಣಿಸು."

ಎಣಿಸಿದ. ಮುಂದೆ 44, ಹಿಂದೆ 18. ಸಮತಟ್ಟಾದ ಕೋಲಾರ ರಸ್ತೆಗೆ ಚೆನ್ನ, ಗುಡ್ಡ ಹತ್ತೋಕೆ ಮಂಡಿಚಿಪ್ಪು ಕೇಳುತ್ತದೆ. ಮುಂದಿನದು ಕ್ರ್ಯಾಂಕಿಗೇ ಅಂಟಿಕೊಂಡಿರುವುದರಿಂದ ಅದನ್ನು ಮುಟ್ಟುವುದು ಬೇಡ, ಹಿಂದೆ 22 ಹಲ್ಲು ಹಾಕು ಅಂದೆ. ಅಷ್ಟಾದರೂ ಕಡಿದಾದ ಕಡೆ ಇಳಿದು ತಳ್ಳಲೇಬೇಕು. ಉದ್ದನೆಯ ಫ್ರೇಮು, ಹಿಂದಕ್ಕೆ ವಾಲಿದ ಸೀಟು. ಇಳಿಜಾರಿನಲ್ಲಿ ಅಲುಗಾಡದೆ ಹೋಗುವ ಗುಣವೇ ಹತ್ತುವಾಗ ಇದರ ಶಾಪ. ನಂದಿಬೆಟ್ಟದ ಕಡೆ ಹುಟ್ಟಿದ ದಕ್ಷಿಣ ಪಿನಾಕಿನಿ ನಮ್ಮ ಹೊಸಕೋಟೆ ಕೆರೆಗೆ ಇಳಿದುಕೊಂಡು ಬರುತ್ತದೆ. ಸವಾರನೂ ಅದೇ ದಿಕ್ಕು ಹಿಡಿದರೆ ಜಾಣ.

ಮಡ್‌ಗಾರ್ಡ್ ಮಾತ್ರ ಬಿಚ್ಚಲೇಬೇಕು. ನಮ್ಮ ಕೆಮ್ಮಣ್ಣು ಮಳೆಗೆ ನೆಂದರೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಇಡ್ಲಿ ಹಿಟ್ಟಿನ ಹಾಗೆ ತುಂಬಿಕೊಂಡು ಚಕ್ರವನ್ನೇ ನಿಲ್ಲಿಸಿಬಿಡುತ್ತದೆ. ಅದನ್ನು ಬಿಚ್ಚಿ ಪಕ್ಕಕ್ಕಿಟ್ಟ ಹುಡುಗ, ಸ್ಪ್ಯಾನರನ್ನು ಕ್ಯಾರಿಯರಿಗೆ ಹಚ್ಚಿದ್ದೇ ತಡ, ಒಳಗಿಂದ ಅವನ ಅಜ್ಜಿ ಕೂಗಿದರು: "ಲೋ, ಕ್ಯಾರಿಯರ್ ಮುಟ್ಟಬ್ಯಾಡ! ನಾಳೆ ಡೈರಿಗೆ ಹಾಲಿನ ಕ್ಯಾನ್ ನಿನ್ನ ತಲೆ ಮೇಲೆ ಹೊತ್ಕೊಂಡು ಹೋಗ್ತೀಯೇನೋ?"

ಹುಡುಗ ನನ್ನ ಮುಖ ನೋಡಿದ. "ಕ್ಯಾರಿಯರ್ ಇರ್ಲಿ ಬಿಡಪ್ಪ, ಬ್ರೇಕಿಗೂ ಅದಕ್ಕೂ ಏನೂ ಜಗಳ ಇಲ್ಲ" ಅಂದೆ.