ಹಪ್ಪಳಕ್ಕೊಂದು ಪ್ಲಗಿನ್

ಕಂಪ್ಯೂಟರ್ ಕಲಿತವರನ್ನು ಯಾವ ಮದುವೆಮನೆಯಲ್ಲೂ ನೆಮ್ಮದಿಯಾಗಿ ಉಣ್ಣಲು ಬಿಡುವುದಿಲ್ಲ. ಎರಡನೇ ಸಲ ಸಾರು ಬರುವಷ್ಟರಲ್ಲಿ ಯಾರಾದರೊಬ್ಬರು, "ನಮಗೊಂದು ವೆಬ್‌ಸೈಟ್ ಮಾಡಿಕೊಡೋ" ಎಂದಿರುತ್ತಾರೆ. ನಿಮಗೂ ಹೀಗಾಗಿದೆ, ನನಗೆ ಗೊತ್ತು. ನನ್ನ ಪಾಲಿಗೆ ಬಂದದ್ದು ಸಾಗರದ ಕಡೆಯ ದೊಡ್ಡಮ್ಮನ ಹಲಸಿನ ಹಪ್ಪಳ.

ನಾಲ್ಕು ಚಿತ್ರ, ಒಂದು ಫೋನ್ ನಂಬರು ಹಾಕಿದ್ದರೆ ಸಾಕಿತ್ತು. ಆದರೆ ಆಗಷ್ಟೇ ನನ್ನ ತಲೆಗೆ 'ಮಾಡ್ಯುಲರ್' ಎಂಬ ಹುಳ ಹೊಕ್ಕಿತ್ತು. ದೊಡ್ಡಮ್ಮ ಹಪ್ಪಳ ಲಟ್ಟಿಸುತ್ತಿದ್ದರೆ ನಾನು ಪಕ್ಕದಲ್ಲಿ ಕೂತು ಉಪನ್ಯಾಸ ಶುರುಮಾಡಿದೆ. ವರ್ಡ್‌ಪ್ರೆಸ್ ಹುಟ್ಟಿದ್ದು 2003ರಲ್ಲಿ, ಅದಕ್ಕೆ ಪ್ಲಗಿನ್ ವ್ಯವಸ್ಥೆ ಬಂದದ್ದು ಮರುವರ್ಷ, 1.2ನೇ ಆವೃತ್ತಿಯಲ್ಲಿ. ಅದು ಕೆಲಸ ಮಾಡುವಾಗ ದಾರಿಯುದ್ದಕ್ಕೂ 'ಹುಕ್' ಎಂಬ ಕೊಕ್ಕೆಗಳನ್ನು ಬಿಟ್ಟಿರುತ್ತದೆ. ನಮ್ಮ ಫಂಕ್ಷನ್ನನ್ನು ಆ ಕೊಕ್ಕೆಗೆ ಸಿಕ್ಕಿಸಿದರೆ ಆಯಿತು, ಮೂಲ ತಂತ್ರಾಂಶದ ಒಂದಕ್ಷರವನ್ನೂ ಮುಟ್ಟಬೇಕಿಲ್ಲ. ಒಂದು ಪ್ಲಗಿನ್ ಬೇಡವೆನಿಸಿದರೆ ಕಳಚಿಡಬಹುದು, ಉಳಿದದ್ದಕ್ಕೆ ಏನೂ ಆಗುವುದಿಲ್ಲ. "ಏನೂ ಆಗುವುದಿಲ್ಲ" ಎಂಬುದನ್ನು ನಾನು ಎರಡು ಸಲ ಹೇಳಿದೆ. ದೊಡ್ಡಮ್ಮ, "ಕಾಲು ತೆಗಿ, ಹಿಟ್ಟು ತುಳೀತೀಯ" ಎಂದರು.

ಹೀಗೆ ಬೆಲೆಗೊಂದು ಪ್ಲಗಿನ್, ಬುಟ್ಟಿಗೊಂದು, ಕೊರಿಯರ್ ಖರ್ಚಿಗೊಂದು, ದೀಪಾವಳಿಯ ದಿನ ಪುಟದ ಅಂಚಿನಲ್ಲಿ ಹಣತೆ ಉರಿಸಲಿಕ್ಕೂ ಒಂದು ತಯಾರಾದವು. ಎಲ್ಲಕ್ಕೂ ಜಂಭದಿಂದ ನನ್ನದೇ ಹೆಸರಿಟ್ಟೆ.

ಮೊದಲ ಪೆಟ್ಟು ಬಿದ್ದದ್ದು ಅಲ್ಲೇ. ಬೆಲೆಯ ಪ್ಲಗಿನ್ನಿನಲ್ಲಿ 'ಒಟ್ಟು' ಎಂಬ ಫಂಕ್ಷನ್ ಇತ್ತು. ಅದು ಮರೆತುಹೋಗಿ, ಓಡುತ್ತಿದ್ದ ಕೊರಿಯರ್ ಪ್ಲಗಿನ್ನಿನ ಫೈಲನ್ನೇ ತಿದ್ದಿ ಅದರಲ್ಲೂ ಒಂದು 'ಒಟ್ಟು' ಬರೆದೆ. ಒಂದೇ ಹೆಸರಿನ ಎರಡು ಫಂಕ್ಷನ್ ಕಂಡರೆ ಪಿಎಚ್‌ಪಿ ರಾಜಿಗೆ ಕೂರುವುದಿಲ್ಲ, ಅಲ್ಲೇ ಪ್ರಾಣ ಬಿಡುತ್ತದೆ. ಸೈಟು ಮಲಗಿತು. 2019ರ 5.2ನೇ ಆವೃತ್ತಿಯಿಂದೀಚೆಗೆ ಹೀಗಾದಾಗ ವರ್ಡ್‌ಪ್ರೆಸ್ ಸೈಟಿನ ಯಜಮಾನರಿಗೆ ಮಿಂಚಂಚೆ ಕಳಿಸಿ, ತೊಂದರೆ ಕೊಟ್ಟ ಪ್ಲಗಿನ್ ಯಾವುದೆಂದು ಹೆಸರು ಸಮೇತ ತಿಳಿಸುತ್ತದೆ. ಯಜಮಾನರ ಜಾಗದಲ್ಲಿ ನಾನು ದೊಡ್ಡಪ್ಪನ ವಿಳಾಸ ಕೊಟ್ಟಿದ್ದೆ. ಫೋನ್ ಬಂತು. "ತಮ್ಮಾ, ಕಂಪ್ಯೂಟರಿಂದ ಕಾಗದ ಬಂದದೆ. ತಾಂತ್ರಿಕ ತೊಂದರೆ ಅಂತೆ. ಕೆಳಗೆ ನಿನ್ನ ಹೆಸರು ಬರೆದದೆ."

ಅದನ್ನು ಸರಿಮಾಡಿದ ಉತ್ಸಾಹದಲ್ಲಿ, ಪ್ರತಿ ಪುಟದ ಕೊನೆಗೆ 'ಮತ್ತೆ ಬನ್ನಿ' ಎಂದು ಸೇರಿಸುವ ಪುಟಾಣಿ ಪ್ಲಗಿನ್ ಬರೆದೆ. ಇದು ಫಿಲ್ಟರ್ ಜಾತಿಯದು. ಪುಟದ ಬರಹವನ್ನು ವರ್ಡ್‌ಪ್ರೆಸ್ ನಮ್ಮ ಕೈಗೆ ಕೊಡುತ್ತದೆ, ನಾವು ತಿದ್ದಿ ವಾಪಸ್ ಕೊಡಬೇಕು. ನಾನು ಇಸಕೊಂಡೆ, ತಿದ್ದಿದೆ, ವಾಪಸ್ ಕೊಡುವ ರಿಟರ್ನ್ ಸಾಲನ್ನು ಮರೆತೆ. ಎರವಲು ಪುಸ್ತಕದ ವಿಷಯದಲ್ಲೂ ನನ್ನ ಬುದ್ಧಿ ಹೀಗೇ. ಪರಿಣಾಮ, ಸೈಟಿನ ಎಲ್ಲ ಪುಟಗಳೂ ಬೋಳು. ಮೇಲೆ ಶೀರ್ಷಿಕೆ, ಕೆಳಗೆ ವಿಳಾಸ, ನಡುವೆ ಏನೂ ಇಲ್ಲ. ಅದನ್ನು ನೋಡಿದ ದೊಡ್ಡಮ್ಮ ಹಿಗ್ಗಿಹೋದರು. "ಬೆಳಗಾಗೋದ್ರೊಳಗೆ ಅಷ್ಟೂ ಖರ್ಚಾಯ್ತಾ!"

ಇಲ್ಲಿಗೆ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ದೊಡ್ಡಪ್ಪ, ಶುರುವಾತಿಗೆ ಒಂದು ದಿನ ಅರ್ಧ ಬೆಲೆಗೆ ಕೊಡೋಣ ಎಂದರು. ಕಟ್ಟಿಗೆ 160 ರೂಪಾಯಿ, ಆ ದಿನ 80. ನಾನು ಮತ್ತೊಂದು ಫಿಲ್ಟರ್ ಬರೆದೆ. ಈ ಸಲ ರಿಟರ್ನ್ ಮರೆಯಲಿಲ್ಲ, ಮೂರು ಸಲ ಪರೀಕ್ಷಿಸಿ ನೋಡಿದೆ. ಮರೆಯದಿರುವ ಗಡಿಬಿಡಿಯಲ್ಲಿ ಇನ್ನೊಂದು ಸಾಲು ಹೆಚ್ಚಿಗೆ ಸೇರಿಕೊಂಡಿತ್ತು. ಅರ್ಧ ಮಾಡಿದ ಬೆಲೆಯನ್ನು ತೋರಿಸಿದ್ದಷ್ಟೇ ಅಲ್ಲ, ಅದನ್ನೇ ಡೇಟಾಬೇಸಿನಲ್ಲಿ ಬರೆದೂ ಇಡುತ್ತಿತ್ತು. ಅಂದರೆ ಯಾರು ಪುಟ ತೆರೆದರೂ ಬೆಲೆ ಇನ್ನರ್ಧಕ್ಕೆ ಇಳಿಯುತ್ತಿತ್ತು. ನಾನು ನೋಡಿದಾಗ 80. ದೊಡ್ಡಪ್ಪ ನೋಡಿದಾಗ 40. ಹುಬ್ಬಳ್ಳಿಯ ಅತ್ತೆ ನೋಡಿದಾಗ 20. ದೊಡ್ಡಮ್ಮನಿಗೋ, ತಾವು ಕರಿದ ಹಪ್ಪಳ ಪರದೆಯ ಮೇಲೆ ಹೊಳೆಯುವುದನ್ನು ಗಳಿಗೆಗೊಮ್ಮೆ ನೋಡುವ ಆಸೆ. ಒಂದೊಂದು ಸಲ ಕಣ್ತುಂಬಿಕೊಂಡಾಗಲೂ ಅವರ ಆದಾಯ ಅರ್ಧ ಕರಗುತ್ತಿತ್ತು. ಅಷ್ಟರಲ್ಲಿ ಯಾರೋ ಕುಟುಂಬದ ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕಿದರು. ಅದರ ಪುಟ್ಟ ಮುನ್ನೋಟ ಮೂಡಬೇಕಾದರೆ ಫೋನು ಪುಟವನ್ನೊಮ್ಮೆ ತೆರೆದು ನೋಡಬೇಕಲ್ಲ, ಅಲ್ಲಿಗೆ ಮತ್ತರ್ಧ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹಲಸಿನ ಹಪ್ಪಳದ ಕಟ್ಟು 16 ಪೈಸೆಯ ಆಸುಪಾಸಿನಲ್ಲಿತ್ತು. ಹೊರಗೆ ಆಷಾಢದ ಮಳೆ. ಆರ್ಡರ್ ಮೇಲೆ ಆರ್ಡರ್ ಬಂದರೂ ಹೊಸ ಹಪ್ಪಳ ಒಣಗಿಸಲು ಮುಂದಿನ ಬೇಸಿಗೆಯೇ ಬರಬೇಕು.

ಪ್ಲಗಿನ್ ಕಳಚಿಡೋಣವೆಂದು ಹೋದರೆ ಕಳಚುವ ಗುಂಡಿಯೇ ಇಲ್ಲ! ಕಾರಣ ನೆನಪಾಗಿ ಬೆವರಿದೆ. ಮನೆಯವರು ಅಕಸ್ಮಾತ್ ಬೆಲೆಯನ್ನು ಆರಿಸಿಬಿಟ್ಟಾರೆಂದು, ಬೆಲೆಗೆ ಸಂಬಂಧಪಟ್ಟದ್ದನ್ನೆಲ್ಲ ನಾನೇ 'ಎಮ್‌ಯು-ಪ್ಲಗಿನ್ಸ್' ಎಂಬ ಫೋಲ್ಡರಿಗೆ ಹಾಕಿದ್ದೆ. ಅದು 'ಕಡ್ಡಾಯ' ವರ್ಗದವರ ಕೋಣೆ, ಅಲ್ಲಿರುವವರನ್ನು ಡ್ಯಾಶ್‌ಬೋರ್ಡಿನಿಂದ ಆರಿಸಲು ಬರುವುದಿಲ್ಲ. ಗಾಬರಿಯಲ್ಲಿ, ಹಿರಿಯರು ಹೇಳಿಕೊಟ್ಟ ಹಳೆಯ ಉಪಾಯ ಮಾಡಿದೆ. ಎಫ್‌ಟಿಪಿಯಲ್ಲಿ ಹೊಕ್ಕು 'ಪ್ಲಗಿನ್ಸ್' ಫೋಲ್ಡರಿನ ಹೆಸರನ್ನೇ ಬದಲಿಸಿದೆ. ಒಂದೇ ಏಟಿಗೆ ಬುಟ್ಟಿ ಹೋಯಿತು, ಕೊರಿಯರ್ ಖರ್ಚು ಹೋಯಿತು, ದೀಪಾವಳಿಯ ಹಣತೆಯೂ ಹೋಯಿತು. ಉಳಿದದ್ದು ಪಕ್ಕದ ಫೋಲ್ಡರಿನಲ್ಲಿದ್ದ ಅರ್ಧ ಬೆಲೆಯ ಪ್ಲಗಿನ್, ಮತ್ತು ಪುಟದ ಕೊನೆಯಲ್ಲಿ ದೊಡ್ಡಮ್ಮನ ಫೋನ್ ನಂಬರು. ಕೊರಿಯರ್ ಖರ್ಚೂ ಇಲ್ಲವೆಂದಾದ ಮೇಲೆ ಜನ ಬಿಡುತ್ತಾರೆಯೇ? ಫೋನು ಬಡಿದುಕೊಳ್ಳತೊಡಗಿತು.

ಆ ಒಂದು ಫೈಲನ್ನು ಅಳಿಸಿದ್ದರೆ ಮುಗಿಯುತ್ತಿತ್ತು ಎಂದು ನೀವು ಹೇಳುತ್ತೀರಿ. ಹೌದು. ಆದರೆ ಹೆದರಿದ ಪ್ರೋಗ್ರಾಮರನಿಗೆ ಅಳಿಸುವುದು ಎಂದಾದರೂ ಹೊಳೆದದ್ದುಂಟೆ? ಅವನಿಗೆ ಹೊಳೆಯುವುದು ಇನ್ನಷ್ಟು ಬರೆಯುವುದು. ಪ್ಲಗಿನ್ ಮಾಡಿದ ಅನಾಹುತವನ್ನು ಪ್ಲಗಿನ್ನಿನಿಂದಲೇ ತೊಡೆಯುತ್ತೇನೆಂದು, ಪುಟ ತೆರೆದಾಗಲೆಲ್ಲ ಬೆಲೆಯನ್ನು ಇಮ್ಮಡಿ ಮಾಡಿ ಬರೆದಿಡುವ ಹೊಸದೊಂದನ್ನು ಹೊಸೆದೆ. ಅದು ಅಚ್ಚುಕಟ್ಟಾಗಿ ಕೆಲಸ ಮಾಡಿತು. ಒಂದು ಅರ್ಧ ಮಾಡುತ್ತಿತ್ತು, ಇನ್ನೊಂದು ದುಪ್ಪಟ್ಟು ಮಾಡುತ್ತಿತ್ತು, ಬೆಲೆ 16 ಪೈಸೆಯಲ್ಲಿ ಬಂಡೆಯ ಹಾಗೆ ನಿಂತಿತು.

ದೊಡ್ಡಪ್ಪನಿಗೆ ಫೋನಿನಲ್ಲಿ ಇಷ್ಟನ್ನೂ ಬಿಡಿಸಿ ಹೇಳಿದೆ. ಹುಕ್ಕು, ಫಿಲ್ಟರು, ಕಡ್ಡಾಯದ ಕೋಣೆ, ಯಾವುದನ್ನೂ ಬಿಡಲಿಲ್ಲ. ಅವರು ಎಲೆಯಡಿಕೆ ಜಗಿಯುತ್ತ ತಾಳ್ಮೆಯಿಂದ ಕೇಳಿದರು.

"ಸರಿ, ಆ ಅರ್ಧ ಮಾಡೋದನ್ನ ತೆಗೆದುಹಾಕು" ಎಂದರು. "ಇನ್ನೊಂದು ಇದ್ದುಕೊಳ್ಳಲಿ. ನಿನ್ನ ದೊಡ್ಡಮ್ಮನ ಹತ್ರ ರಾತ್ರಿಯಿಡೀ ನೋಡ್ತಾ ಕೂತ್ಕೋ ಅಂತ ಹೇಳ್ತೇನೆ."